ಕ್ರಿಕೆಟ್ಟೂ ಫುಟ್‌ಬಾಲೂ ಒಬ್ಬರೇ ಆಡುತ್ತಿದ್ದ ಕಾಲ: ಅದು ಹೇಗೆ ಸಾಧ್ಯವಿತ್ತು, ಈಗ ಯಾಕಿಲ್ಲ?

ಕ್ರಿಕೆಟ್ಟಿನಲ್ಲೂ ಫುಟ್‌ಬಾಲಿನಲ್ಲೂ ದೇಶಕ್ಕೆ ಆಡಿದವರ ಮಾತು ಬಂದರೆ ಎಲ್ಲರೂ ಮೊದಲು ಹೊಗಳುವುದು ಅವರ ಪ್ರತಿಭೆಯನ್ನು. ಎಂಥ ಕಾಲು, ಎಂಥ ಕಣ್ಣು, ಎಂಥ ಮೈಕಟ್ಟು! ಹೊಗಳಿಕೆ ಸುಳ್ಳೇನೂ ಅಲ್ಲ. ಆದರೆ ಅಂಥ ಪ್ರತಿಭೆ ಇರುವವರು ಈಗಲೂ ಹುಟ್ಟುತ್ತಲೇ ಇದ್ದಾರೆ, ಎರಡೂ ಆಟದಿಂದ ಸಂಬಳ ಪಡೆಯುವವರು ಮಾತ್ರ ಕಾಣುತ್ತಿಲ್ಲ. ಇಂಗ್ಲೆಂಡಿಗೆ ಟೆಸ್ಟ್ ಕ್ರಿಕೆಟ್ಟನ್ನೂ ಅಂತರರಾಷ್ಟ್ರೀಯ ಫುಟ್‌ಬಾಲನ್ನೂ ಆಡಿದ ಗಂಡಸರು ಒಟ್ಟು 12 ಮಂದಿ. ಕೊನೆಯವರು ಆರ್ಥರ್ ಮಿಲ್ಟನ್. 1951ರಲ್ಲಿ ಆಸ್ಟ್ರಿಯಾ ವಿರುದ್ಧ ಫುಟ್‌ಬಾಲ್ ಆಡಿದರು, 1958ರಲ್ಲಿ ನ್ಯೂಜಿಲೆಂಡ್ ವಿರುದ್ಧ ಆಡಿದ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದರು. ಆಮೇಲೆ ಹದಿಮೂರನೆಯವರು ಬರಲೇ ಇಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಆಟಗಾರನ ಕಾಲು ನೋಡಿದರೆ ಸಾಲದು. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಬೇಕು, ಸಂಬಳದ ಪಟ್ಟಿ ನೋಡಬೇಕು, ಒಪ್ಪಂದದ ಕಾಗದ ಓದಬೇಕು.

ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು

ಇಂಗ್ಲೆಂಡಿನಲ್ಲಿ ಕೌಂಟಿ ಕ್ರಿಕೆಟ್, ಅಂದರೆ ಜಿಲ್ಲಾ ತಂಡಗಳ ಕ್ರಿಕೆಟ್, ಬೇಸಿಗೆಯ ಆಟ. ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ಶುರುವಾಗಿ ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ಫುಟ್‌ಬಾಲ್ ಲೀಗ್ ಆಗಸ್ಟ್ ಕೊನೆಗೆ ಆರಂಭವಾಗಿ ಮೇ ಮೊದಲ ವಾರದ ಹೊತ್ತಿಗೆ ಮುಗಿಯುತ್ತಿತ್ತು. ಎರಡೂ ಒಂದರ ಮೇಲೊಂದು ಬೀಳುತ್ತಿದ್ದದ್ದು ತುದಿಯ ಕೆಲವು ವಾರಗಳಲ್ಲಿ ಮಾತ್ರ. ಆ ವಾರಗಳ ಮಟ್ಟಿಗೆ ಕೌಂಟಿಯೂ ಕ್ಲಬ್ಬೂ ಕೂತು ಮಾತಾಡಿಕೊಂಡರೆ ಆಯಿತು. ಸೆಪ್ಟೆಂಬರಿನಲ್ಲಿ ಆಟಗಾರ ತಡವಾಗಿ ಬಂದರೆ ಫುಟ್‌ಬಾಲ್ ಮ್ಯಾನೇಜರ್ ಗೊಣಗುತ್ತಿದ್ದ, ಏಪ್ರಿಲಿನಲ್ಲಿ ತಡವಾದರೆ ಕೌಂಟಿ ಕಾರ್ಯದರ್ಶಿ ಗೊಣಗುತ್ತಿದ್ದ. ಅಷ್ಟೇ.

ಈ ವ್ಯವಸ್ಥೆಯ ಅತ್ಯಂತ ಪ್ರಸಿದ್ಧ ಫಲ ಡೆನಿಸ್ ಕಾಂಪ್ಟನ್. ಬೇಸಿಗೆಯಲ್ಲಿ ಮಿಡ್ಲ್‌ಸೆಕ್ಸ್, ಚಳಿಗಾಲದಲ್ಲಿ ಆರ್ಸೆನಲ್ ತಂಡದ ಎಡಬದಿಯ ವಿಂಗರ್. 1947ರ ಒಂದೇ ಬೇಸಿಗೆಯಲ್ಲಿ ಅವರು 18 ಶತಕಗಳೊಂದಿಗೆ 3816 ರನ್ ಗಳಿಸಿದರು. ಒಂದು ಋತುವಿನ ಆ ದಾಖಲೆ ಇಂದಿಗೂ ಹಾಗೇ ಇದೆ. ಆ ವರ್ಷ ಮಿಡ್ಲ್‌ಸೆಕ್ಸ್ ಕೌಂಟಿ ಚಾಂಪಿಯನ್ ಆಯಿತು. ಬೆನ್ನಿಗೇ ಬಂದ 1947–48ರ ಫುಟ್‌ಬಾಲ್ ಋತುವಿನಲ್ಲಿ ಲೀಗ್ ಗೆದ್ದ ಆರ್ಸೆನಲ್‌ನಲ್ಲೂ ಅವರಿದ್ದರು. 1950ರಲ್ಲಿ ಲಿವರ್‌ಪೂಲನ್ನು 2–0ಯಿಂದ ಸೋಲಿಸಿ ಎಫ್‌ಎ ಕಪ್ ಗೆದ್ದ ತಂಡದಲ್ಲೂ ಇದ್ದರು. ಅಣ್ಣ ಲೆಸ್ಲಿ ಕಾಂಪ್ಟನ್ ಕೂಡ ಅದೇ ಮಿಡ್ಲ್‌ಸೆಕ್ಸ್‌ಗೆ ವಿಕೆಟ್ ಕೀಪರ್, ಅದೇ ಆರ್ಸೆನಲ್‌ಗೆ ಸೆಂಟರ್ ಹಾಫ್. ಒಂದೇ ಮನೆಯಿಂದ ಇಬ್ಬರು ಹೀಗೆ ಬಂದರೆಂದರೆ, ಇದು ಆಗ ಅಪರೂಪದ ಪವಾಡ ಆಗಿರಲಿಲ್ಲ, ನಡೆಯುವ ದಾರಿಯೇ ಆಗಿತ್ತು.

ಆದರೆ ಡೆನಿಸ್ ಕಾಂಪ್ಟನ್ ಕತೆಯಲ್ಲೇ ಆ ದಾರಿಯ ಬಿರುಕೂ ಇದೆ. ಟೆಸ್ಟ್ ತಂಡಕ್ಕೆ ಆಯ್ಕೆಯಾದವನಿಗೆ ಚಳಿಗಾಲವೂ ಕ್ರಿಕೆಟ್ಟಿನದೇ. ಅವರು 1946–47ರ ಚಳಿಗಾಲದಲ್ಲಿ ಆಸ್ಟ್ರೇಲಿಯಾಕ್ಕೆ ಹೋದರು, 1948–49ರಲ್ಲಿ ದಕ್ಷಿಣ ಆಫ್ರಿಕಾಕ್ಕೆ. ಹಡಗಿನಲ್ಲಿ ಹೋಗಿಬರುವ ಕಾಲ, ಪ್ರವಾಸವೆಂದರೆ ತಿಂಗಳುಗಟ್ಟಲೆ. ಆ ಫುಟ್‌ಬಾಲ್ ಋತು ಹೋಯಿತೆಂದೇ ಲೆಕ್ಕ. ಹಾಗಾಗಿ ಎರಡು ಆಟವನ್ನು ನಿಜವಾಗಿ ವರ್ಷಾನುಗಟ್ಟಲೆ ತೂಗಿಸಿದವರಲ್ಲಿ ಟೆಸ್ಟ್ ತಾರೆಗಳು ಕಡಿಮೆ, ಕೌಂಟಿ ವೃತ್ತಿಪರರೇ ಹೆಚ್ಚು. ವೂಸ್ಟರ್‌ಶೈರ್ ನಾಯಕ ಫಿಲ್ ನೀಲ್ ಇದಕ್ಕೆ ಒಳ್ಳೆಯ ಉದಾಹರಣೆ. ಇಂಗ್ಲೆಂಡಿಗೆ ಒಂದೂ ಟೆಸ್ಟ್ ಆಡಲಿಲ್ಲ. ಆದರೆ ಲಿಂಕನ್ ಸಿಟಿಗೆ 300ಕ್ಕೂ ಹೆಚ್ಚು ಲೀಗ್ ಪಂದ್ಯ ಆಡಿದರು, 1988 ಮತ್ತು 1989ರಲ್ಲಿ ತಮ್ಮ ಕೌಂಟಿಗೆ ಎರಡು ಚಾಂಪಿಯನ್‌ಶಿಪ್ ಗೆದ್ದುಕೊಟ್ಟರು. ಹೆಸರು ಅಷ್ಟು ಕೇಳಿಬರುವುದಿಲ್ಲ, ನನ್ನ ಮಟ್ಟಿಗೆ ಈ ವಿದ್ಯೆಯ ನಿಜವಾದ ಪಂಡಿತರು ಇಂಥವರೇ.

20 ಪೌಂಡಿನ ಮಿತಿ

ಋತು ಬೇರೆಬೇರೆ ಇದ್ದದ್ದು ದಾರಿ ತೋರಿಸಿತು, ಸರಿ. ಆ ದಾರಿಯಲ್ಲಿ ಹೆಜ್ಜೆ ಇಡುವಂತೆ ಮಾಡಿದ್ದು ಹಣ. ಅದಕ್ಕಿಂತಲೂ ಹಣದ ಕೊರತೆ.

ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ 1901ರಿಂದ ಗರಿಷ್ಠ ಸಂಬಳದ ನಿಯಮವಿತ್ತು. ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ ಇಷ್ಟೇ, ಅದಕ್ಕಿಂತ ಒಂದು ಪೆನ್ನಿ ಹೆಚ್ಚು ಕೊಡುವಂತಿಲ್ಲ. ಮೊದಲು ಆ ಮಿತಿ ವಾರಕ್ಕೆ 4 ಪೌಂಡ್ ಇತ್ತು. ಏರುತ್ತ ಏರುತ್ತ ನಿಯಮದ ಕೊನೆಗಾಲಕ್ಕೆ 20 ಪೌಂಡ್ ಆಯಿತು. ಬೇಸಿಗೆಯಲ್ಲಿ, ಪಂದ್ಯಗಳಿಲ್ಲದ ವಾರಗಳಲ್ಲಿ, ಅದೂ ಕಡಿಮೆ: 17 ಪೌಂಡ್. ಹಾಗಿದ್ದಾಗ ಬ್ಯಾಟು ಹಿಡಿಯಲು ಬರುವ ಫುಟ್‌ಬಾಲಿಗನಿಗೆ ಕೌಂಟಿ ಕ್ರಿಕೆಟ್ ಎಂಬುದು ಹವ್ಯಾಸವಾಗಿರಲಿಲ್ಲ, ಬೇಸಿಗೆಯ ಸಂಪಾದನೆ. ಕೌಂಟಿ ವೃತ್ತಿಪರನ ಕಡೆಯಿಂದ ನೋಡಿದರೂ ಇದೇ ಲೆಕ್ಕ. ಸೆಪ್ಟೆಂಬರಿಗೆ ಆಟ ಮುಗಿದರೆ ಚಳಿಗಾಲಕ್ಕೆ ಬೇರೆ ಕೆಲಸ ಹುಡುಕಬೇಕು. ಕೆಲವರು ಅಂಗಡಿಯಲ್ಲಿ ದುಡಿದರು, ಕೆಲವರು ಕಾರ್ಖಾನೆಗೆ ಹೋದರು. ಫುಟ್‌ಬಾಲ್ ಬರುತ್ತಿದ್ದವರು ಫುಟ್‌ಬಾಲ್ ಆಡಿದರು.

ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದ ಮೇಲೆ 1961ರ ಜನವರಿಯಲ್ಲಿ ಗರಿಷ್ಠ ಸಂಬಳದ ನಿಯಮ ಬಿತ್ತು. ಫುಲ್‌ಹ್ಯಾಮ್ ತಂಡದ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆದ ಮೊದಲ ಆಟಗಾರರಾದರು. ಇಲ್ಲಿಂದ ಲೆಕ್ಕ ತಿರುಗಿತು. ವಾರಕ್ಕೆ 20 ಪೌಂಡ್ ಕೊಡುವ ಕ್ಲಬ್ಬು, ಬೇಸಿಗೆಯಲ್ಲಿ ನೀನು ಏನು ಮಾಡುತ್ತೀಯ ಎಂದು ಕೇಳುವುದಿಲ್ಲ. 100 ಪೌಂಡ್ ಕೊಡುವ ಕ್ಲಬ್ಬು ಕೇಳುತ್ತದೆ.

ಇತ್ತ ಆಟಗಳೂ ತಮ್ಮ ತಿಂಗಳುಗಳಲ್ಲಿ ಸುಮ್ಮನಿರಲಿಲ್ಲ. ಕೌಂಟಿಗಳಿಗೆ 1963ರಲ್ಲಿ ಜಿಲೆಟ್ ಕಪ್ ಬಂತು, 1969ರಲ್ಲಿ ಭಾನುವಾರದ ಲೀಗ್ ಬಂತು. ಫುಟ್‌ಬಾಲಿಗೆ ಲೀಗ್ ಕಪ್ ಸೇರಿತು, ಯುರೋಪಿನ ಪಂದ್ಯಾವಳಿಗಳು ಸೇರಿದವು, ಋತುವಿಗೆ ಮುಂಚಿನ ತರಬೇತಿ ಜುಲೈಗೆ ಸರಿಯಿತು. ತುದಿಯ ಕೆಲವು ವಾರಗಳ ಜಗಳ ಎರಡು ಮೂರು ತಿಂಗಳ ಜಗಳವಾಯಿತು.

ಒಂದೇ ದಿನ ಎರಡು ಪಂದ್ಯ

ಈ ಇಕ್ಕಟ್ಟು ಎಷ್ಟಿತ್ತು ಎಂಬುದಕ್ಕೆ 1975ರ ಸೆಪ್ಟೆಂಬರ್ 15ಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಲೆಸ್ಟರ್‌ಶೈರ್ ತನ್ನ ಚರಿತ್ರೆಯ ಮೊದಲ ಕೌಂಟಿ ಚಾಂಪಿಯನ್‌ಶಿಪ್ ಗೆಲ್ಲುವ ಹೊಸ್ತಿಲಲ್ಲಿತ್ತು. ಚೆಸ್ಟರ್‌ಫೀಲ್ಡ್‌ನಲ್ಲಿ ಡರ್ಬಿಶೈರ್ ವಿರುದ್ಧ ದಿನದಾಟ ಮುಗಿದಾಗ ಕ್ರಿಸ್ ಬಾಲ್ಡರ್‌ಸ್ಟೋನ್ 51 ರನ್ ಗಳಿಸಿ ಅಜೇಯರಾಗಿದ್ದರು. ಪ್ಯಾಡು ಬಿಚ್ಚಿ, ಫುಟ್‌ಬಾಲ್ ದಿರಿಸು ಹಾಕಿಕೊಂಡು, ಸುಮಾರು 50 ಕಿಲೋಮೀಟರ್ ದೂರದ ಡಾಂಕ್‌ಸ್ಟರ್‌ಗೆ ಧಾವಿಸಿದರು. ಅದೇ ಸಂಜೆ ಡಾಂಕ್‌ಸ್ಟರ್ ರೋವರ್ಸ್ ಪರ ಬ್ರೆಂಟ್‌ಫರ್ಡ್ ವಿರುದ್ಧ ಲೀಗ್ ಪಂದ್ಯ ಆಡಿದರು. ಅದು 1–1ರಿಂದ ಸಮವಾಯಿತು. ಮಾರನೆಯ ಬೆಳಿಗ್ಗೆ ಚೆಸ್ಟರ್‌ಫೀಲ್ಡ್‌ಗೆ ಮರಳಿ ಶತಕ ಪೂರೈಸಿ 116ಕ್ಕೆ ಔಟಾದರು, ಮೂರು ವಿಕೆಟ್ಟನ್ನೂ ಕಿತ್ತರು. ಲೆಸ್ಟರ್‌ಶೈರ್ ಚಾಂಪಿಯನ್ ಆಯಿತು.

ಈ ಪ್ರಸಂಗವನ್ನು ಸಾಹಸಗಾಥೆಯಾಗಿ ಹೇಳುವುದು ರೂಢಿ. ನನಗೆ ಇದು ಒಂದು ಪದ್ಧತಿ ಉಸಿರುಕಟ್ಟಿ ನಿಂತ ಗಳಿಗೆಯಂತೆ ಕಾಣುತ್ತದೆ. ಒಬ್ಬ ಮನುಷ್ಯ 24 ಗಂಟೆಯಲ್ಲಿ ಇಬ್ಬರು ಯಜಮಾನರಿಗೆ ದುಡಿಯಬೇಕಾಗಿ ಬಂದಿದೆ, ಇಬ್ಬರಿಗೂ ಆ ದಿನವೇ ಬೇಕಾಗಿದ್ದಾನೆ. ಬಾಲ್ಡರ್‌ಸ್ಟೋನ್‌ಗೆ ಅದು ನಡೆದದ್ದು ಎರಡು ಊರುಗಳು ಹತ್ತಿರವಿದ್ದವು ಎಂಬ ಕಾರಣಕ್ಕೆ, ಫುಟ್‌ಬಾಲ್ ಪಂದ್ಯ ದೀಪದ ಬೆಳಕಿನಲ್ಲಿತ್ತು ಎಂಬ ಕಾರಣಕ್ಕೆ.

ಆ ಹೊತ್ತಿನಲ್ಲೂ ಆಮೇಲೂ ಇಂಥ ಕೆಲವರಿದ್ದರು. ಜಿಮ್ ಕಂಬ್ಸ್ ವೂಸ್ಟರ್‌ಶೈರ್‌ಗೆ ವೇಗದ ಬೌಲರ್, ಆ್ಯಸ್ಟನ್ ವಿಲಾಗೆ ಗೋಲ್‌ಕೀಪರ್. ಆರ್ನಿ ಸೈಡ್‌ಬಾಟಮ್ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿದ್ದು ಯಾರ್ಕ್‌ಶೈರ್‌ಗೂ ಬೌಲ್ ಮಾಡಿದರು, 1985ರಲ್ಲಿ ಒಂದು ಟೆಸ್ಟನ್ನೂ ಆಡಿದರು. ಇಯಾನ್ ಬಾಥಮ್ ಸ್ಕನ್‌ಥಾರ್ಪ್ ಯುನೈಟೆಡ್ ಪರ 11 ಲೀಗ್ ಪಂದ್ಯ ಆಡಿದ್ದೂ ನಿಜ, ಆದರೆ ಅದನ್ನು ಎರಡನೆಯ ವೃತ್ತಿ ಎನ್ನುವುದು ಕಷ್ಟ. ಸ್ಕಾಟ್ಲೆಂಡಿನ ಗೋಲ್‌ಕೀಪರ್ ಆ್ಯಂಡಿ ಗೋರಮ್ ದೇಶಕ್ಕೆ 43 ಫುಟ್‌ಬಾಲ್ ಪಂದ್ಯ ಆಡಿದವರು, ಸ್ಕಾಟ್ಲೆಂಡ್ ಕ್ರಿಕೆಟ್ ತಂಡದಲ್ಲೂ ಇದ್ದವರು. 1991ರಲ್ಲಿ ರೇಂಜರ್ಸ್ ಕ್ಲಬ್ ಸೇರಿದ ಮೇಲೆ ಅವರು ಕ್ರಿಕೆಟ್ ಬಿಡಬೇಕಾಯಿತು.

ನಮ್ಮ ದೇಶದ ಕತೆ

ಭಾರತದಲ್ಲಿ ಈ ಮಾತು ಚುನಿ ಗೋಸ್ವಾಮಿ ಅವರಿಲ್ಲದೆ ಪೂರ್ತಿಯಾಗುವುದಿಲ್ಲ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ ಗೆದ್ದ ಫುಟ್‌ಬಾಲ್ ತಂಡದ ನಾಯಕ. 1966ರಲ್ಲಿ ಇಂದೋರ್‌ನಲ್ಲಿ ಪ್ರವಾಸಿ ವೆಸ್ಟ್ ಇಂಡೀಸ್ ತಂಡವನ್ನು ಮಧ್ಯ ಮತ್ತು ಪೂರ್ವ ವಲಯಗಳ ಜಂಟಿ ತಂಡ ಇನ್ನಿಂಗ್ಸ್ ಅಂತರದಿಂದ ಬಗ್ಗುಬಡಿದಾಗ 8 ವಿಕೆಟ್ ಪಡೆದ ಬೌಲರ್. 1971–72ರ ರಣಜಿ ಫೈನಲ್‌ಗೆ ಬಂಗಾಳವನ್ನು ಮುನ್ನಡೆಸಿದ ನಾಯಕ. ಫುಟ್‌ಬಾಲಿನಲ್ಲಿ ಬದುಕಿಡೀ ಮೋಹನ್ ಬಗಾನ್ ಒಂದೇ ಕ್ಲಬ್ಬು.

ಇಲ್ಲೂ ಕ್ಯಾಲೆಂಡರೇ ದಾರಿ ಬಿಟ್ಟಿತ್ತು. ಕೋಲ್ಕತ್ತದ ಫುಟ್‌ಬಾಲ್ ಲೀಗ್ ಮಳೆಗಾಲದ ಕೆಸರಿನಲ್ಲಿ ನಡೆಯುವ ಆಟ, ರಣಜಿ ಚಳಿಗಾಲದ್ದು. ಹೊಟ್ಟೆಪಾಡಿಗೆ ಬ್ಯಾಂಕ್ ನೌಕರಿ ಇತ್ತು. ಆಗಿನ ಎಷ್ಟೋ ಆಟಗಾರರು ಹಾಗೇ ಬ್ಯಾಂಕು, ರೈಲ್ವೆಗಳ ಸಂಬಳದಲ್ಲಿ ಬದುಕಿದವರು. ಅಂದರೆ ಗೋಸ್ವಾಮಿ ಎರಡು ಆಟವನ್ನು ಉನ್ನತ ಮಟ್ಟದಲ್ಲಿ ಆಡಿದರು, ಆದರೆ ಸಂಬಳ ಬರುತ್ತಿದ್ದದ್ದು ಮೂರನೆಯ ಕಡೆಯಿಂದ. ಅವರ ಸಮಯದ ಮೇಲೆ ಯಾವ ಕ್ಲಬ್ಬಿಗೂ ಪೂರ್ಣ ಹಕ್ಕಿರಲಿಲ್ಲ. 2014ರಲ್ಲಿ ಶುರುವಾದ ಫುಟ್‌ಬಾಲಿನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕೂತದ್ದು ಚಳಿಗಾಲದಲ್ಲಿ. ರಣಜಿಯೂ ಆಗಲೇ. ಇನ್ನೊಬ್ಬ ಗೋಸ್ವಾಮಿ ಇವತ್ತು ಹುಟ್ಟಿದರೂ ನವೆಂಬರಿನಲ್ಲಿ ಯಾವ ಮೈದಾನಕ್ಕೆ ಹೋಗಬೇಕು?

ಎಲಿಸ್ ಪೆರ್ರಿ

ಇಲ್ಲಿಯವರೆಗಿನ ವಾದವನ್ನು ತಲೆಕೆಳಗು ಮಾಡುವಂತೆ ಕಾಣುವವರು ಆಸ್ಟ್ರೇಲಿಯಾದ ಎಲಿಸ್ ಪೆರ್ರಿ. ಅಲ್ಲಿ ಕ್ರಿಕೆಟ್ಟೂ ಬೇಸಿಗೆಯದೇ, ಮಹಿಳೆಯರ ಫುಟ್‌ಬಾಲ್ ಲೀಗೂ ಬೇಸಿಗೆಯದೇ. ಕ್ಯಾಲೆಂಡರ್ ಆಕೆಯ ಪರವಾಗಿ ಇರಲೇ ಇಲ್ಲ. ಆದರೂ 2007ರ ಜುಲೈನಲ್ಲಿ, 16ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯಾ ಪರ ಮೊದಲ ಏಕದಿನ ಪಂದ್ಯ ಆಡಿದರು. ಎರಡು ವಾರ ಕಳೆಯುವುದರೊಳಗೆ ಹಾಂಗ್‌ಕಾಂಗ್ ವಿರುದ್ಧ ಫುಟ್‌ಬಾಲ್ ತಂಡಕ್ಕೂ ಕಾಲಿಟ್ಟು ಗೋಲು ಹೊಡೆದರು. 2009ರಲ್ಲಿ ಕ್ರಿಕೆಟ್ ವಿಶ್ವಕಪ್, 2011ರಲ್ಲಿ ಜರ್ಮನಿಯಲ್ಲಿ ಫುಟ್‌ಬಾಲ್ ವಿಶ್ವಕಪ್. ಎರಡೂ ವಿಶ್ವಕಪ್ ಆಡಿದ ಮೊದಲ ಆಸ್ಟ್ರೇಲಿಯನ್ ಆಕೆ. ಸ್ವೀಡನ್ ಎದುರಿನ ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯಾ 3–1ರಿಂದ ಸೋತಿತು. ತಂಡದ ಆ ಒಂದೇ ಗೋಲು ಪೆರ್ರಿಯದು, ಪೆನಾಲ್ಟಿ ಆವರಣದ ಹೊರಗಿನಿಂದ ಹೊಡೆದದ್ದು. ರಕ್ಷಣಾ ಸಾಲಿನ ಆಟಗಾರ್ತಿ ಎಂಬುದನ್ನು ಮರೆಯಬೇಡಿ.

ಒಂದು ಆಟದ ಕಲೆ ಇನ್ನೊಂದಕ್ಕೆ ದಾಟಿದ್ದಕ್ಕೆ 2010ರ ಟಿ20 ವಿಶ್ವಕಪ್ ಫೈನಲ್ ಸಾಕ್ಷಿ. ಬಾರ್ಬಡೋಸ್‌ನಲ್ಲಿ ಪಂದ್ಯ, ನ್ಯೂಜಿಲೆಂಡ್‌ಗೆ ಗೆಲ್ಲಲು ಕೊನೆಯ ಎಸೆತದಲ್ಲಿ 5 ರನ್ ಬೇಕು. ಬೌಲರ್ ಪೆರ್ರಿ. ಸೋಫಿ ಡಿವೈನ್ ಚೆಂಡನ್ನು ನೇರ ಬೌಲರ್ ಕಡೆಗೇ ಬಲವಾಗಿ ಬಾರಿಸಿದರು. ಬಗ್ಗಿ ಕೈ ಹಾಕಲು ಹೊತ್ತಿಲ್ಲ. ಪೆರ್ರಿ ಪಾದ ಚಾಚಿ ಚೆಂಡನ್ನು ತಡೆದು ಮಿಡ್ ಆನ್ ಕಡೆಗೆ ತಿರುಗಿಸಿಬಿಟ್ಟರು. ಬಂದದ್ದು ಒಂದೇ ರನ್, ಆಸ್ಟ್ರೇಲಿಯಾ 3 ರನ್‌ಗಳಿಂದ ಗೆದ್ದಿತು.

ಹಾಗಾದರೆ ಕ್ಯಾಲೆಂಡರ್ ಅಡ್ಡ ಬಂದರೂ ಇದು ಹೇಗೆ ನಡೆಯಿತು? ಉತ್ತರ ಹಳೆಯದೇ. 2007ರ ಸುಮಾರಿನ ಆಸ್ಟ್ರೇಲಿಯಾದ ಮಹಿಳಾ ಕ್ರೀಡೆ, ಸಂಬಳದ ದೃಷ್ಟಿಯಿಂದ, ಕಾಂಪ್ಟನ್ ಕಾಲದ ಇಂಗ್ಲೆಂಡಿನಂತಿತ್ತು. ಎರಡೂ ಆಟ ಅರೆವೃತ್ತಿಪರ. ಯಾವುದೂ ವರ್ಷದ ಹೊಟ್ಟೆ ತುಂಬಿಸುವಷ್ಟು ಕೊಡುತ್ತಿರಲಿಲ್ಲ, ಹಾಗಾಗಿ ಪೂರ್ಣ ಹಕ್ಕು ಕೇಳುವ ಮುಖವೂ ಯಾರಿಗೂ ಇರಲಿಲ್ಲ. ಆಟ ಬೆಳೆಯುತ್ತ ಬಂದಂತೆ ಒತ್ತಡ ಬಂತು. 2012ರಲ್ಲಿ ಆಕೆಯ ಕ್ಲಬ್ ಕ್ಯಾನ್‌ಬೆರಾ ಯುನೈಟೆಡ್, ಫುಟ್‌ಬಾಲಿಗೇ ಮೊದಲ ಆದ್ಯತೆ ಬೇಕೆಂದಿತು. ಪೆರ್ರಿ ಅದನ್ನು ಬಿಟ್ಟು ಸಿಡ್ನಿ ಎಫ್‌ಸಿ ಸೇರಿದರು. 2013ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ನಡೆದ ಏಕದಿನ ವಿಶ್ವಕಪ್ ಫೈನಲ್‌ನಲ್ಲಿ ಪಾದದ ಗಂಟಿನ ಗಾಯದೊಂದಿಗೇ ಬೌಲ್ ಮಾಡಿ 19 ರನ್‌ಗೆ 3 ವಿಕೆಟ್ ಪಡೆದರು. ಫುಟ್‌ಬಾಲಿನಲ್ಲಿ 2015ರ ವಿಶ್ವಕಪ್ ತಂಡದಲ್ಲಿ ಅವರಿರಲಿಲ್ಲ, ಅದಾಗಿ ಒಂದು ವರ್ಷದ ಹೊತ್ತಿಗೆ ಕ್ಲಬ್ ಫುಟ್‌ಬಾಲೂ ನಿಂತಿತು.

2017ರಲ್ಲಿ ಆಸ್ಟ್ರೇಲಿಯಾ ಕ್ರಿಕೆಟ್ ಮಂಡಳಿಯ ಹೊಸ ಒಪ್ಪಂದದಲ್ಲಿ ಮಹಿಳೆಯರಿಗೆ ಮೀಸಲಾದ ಒಟ್ಟು ಸಂಭಾವನೆ 75 ಲಕ್ಷ ಡಾಲರ್‌ನಿಂದ 5.52 ಕೋಟಿ ಡಾಲರ್‌ಗೆ ಏರಿತು. ಅದೇ ವರ್ಷದ ನವೆಂಬರಿನಲ್ಲಿ ಪೆರ್ರಿ ಇಂಗ್ಲೆಂಡ್ ವಿರುದ್ಧದ ಟೆಸ್ಟಿನಲ್ಲಿ ಅಜೇಯ 213 ಹೊಡೆದರು. ಆಮೇಲಿನದು ನಮ್ಮವರಿಗೆಲ್ಲ ಗೊತ್ತು: 2023ರ ಮಹಿಳಾ ಪ್ರೀಮಿಯರ್ ಲೀಗ್ ಹರಾಜಿನಲ್ಲಿ ಆರ್‌ಸಿಬಿ 1.7 ಕೋಟಿ ರೂಪಾಯಿ ಕೊಟ್ಟು ಕರೆತಂದಿತು, 2024ರಲ್ಲಿ ತಂಡ ಕಪ್ ಗೆದ್ದಾಗ 347 ರನ್ ಗಳಿಸಿ ಆರೆಂಜ್ ಕ್ಯಾಪ್ ಧರಿಸಿದ್ದವರು ಇವರೇ. ಬೌಲರ್ ಆಗಿ ಆಸ್ಟ್ರೇಲಿಯಾ ತಂಡ ಸೇರಿದವರು ಜಗತ್ತಿನ ಅಗ್ರ ಬ್ಯಾಟರ್‌ಗಳಲ್ಲಿ ಒಬ್ಬರಾದದ್ದು ಫುಟ್‌ಬಾಲ್ ಬಿಟ್ಟಿದ್ದರಿಂದಲೇ ಎಂದು ನಾನು ಹೇಳಲಾರೆ. ಆದರೆ ನೆಟ್ಸ್‌ನಲ್ಲಿ ಕಳೆಯಲು ಸಿಕ್ಕ ಗಂಟೆಗಳು ಎಲ್ಲಿಂದಲಾದರೂ ಬಂದಿರಲೇಬೇಕಲ್ಲ.

ದೇಹ ಏನು ಹೇಳುತ್ತದೆ

ಕ್ಯಾಲೆಂಡರೂ ಹಣವೂ ಒಪ್ಪಿದವು ಎಂದೇ ಇಟ್ಟುಕೊಳ್ಳೋಣ. ಒಂದೇ ದೇಹ ಎರಡನ್ನೂ ತಡೆಯುತ್ತದೆಯೇ?

ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ 10ರಿಂದ 12 ಕಿಲೋಮೀಟರ್ ಓಡುತ್ತಾನೆ: ಕೆಲವು ಸೆಕೆಂಡ್ ಬಿರುಸಾಗಿ, ಮತ್ತೆ ನಿಧಾನವಾಗಿ, ಮತ್ತೆ ಬಿರುಸಾಗಿ. ಎಲ್ಲ 90 ನಿಮಿಷದಲ್ಲಿ. ವೇಗದ ಬೌಲರ್‌ನ ದಿನ ಆರು ಗಂಟೆಯದು. ಅದರಲ್ಲಿ 20 ಓವರ್ ಹಾಕಿದರೆ 120 ಬಾರಿ ರನ್ ಅಪ್, 120 ಬಾರಿ ಮುಂಗಾಲು ನೆಲಕ್ಕೆ ಅಪ್ಪಳಿಸುವುದು, ಪ್ರತಿ ಬಾರಿಯೂ ದೇಹದ ತೂಕದ ಹಲವು ಪಟ್ಟು ಭಾರ ಸೊಂಟದ ಮೂಳೆಯವರೆಗೂ ಏರುವುದು. ಹೀಗಾಗಿ ಫುಟ್‌ಬಾಲ್ ಋತು ಮುಗಿಸಿ ಬಂದವನ ಶ್ವಾಸಕೋಶ ಕ್ರಿಕೆಟ್ಟಿಗೆ ಸಿದ್ಧವಾಗಿಯೇ ಇರುತ್ತದೆ, ಬೆನ್ನು ಸಿದ್ಧವಾಗಿರುವುದಿಲ್ಲ. ಉಸಿರಿನ ಕಸುವು ಬೇಗ ಬರುತ್ತದೆ, ಸ್ನಾಯು ಅದಕ್ಕಿಂತ ನಿಧಾನ, ಮೂಳೆ ಎಲ್ಲಕ್ಕಿಂತ ನಿಧಾನ. ತಿಂಗಳುಗಟ್ಟಲೆ ಬೌಲ್ ಮಾಡದೆ ಇದ್ದವನು ಒಮ್ಮೆಲೇ ಪೂರ್ತಿ ಓವರ್ ಹಾಕಿದರೆ ಬೆನ್ನುಮೂಳೆಯಲ್ಲಿ ಸಣ್ಣ ಬಿರುಕು ಬೀಳುವ ಅಪಾಯ ಹೆಚ್ಚು. ಈಗಿನ ತಂಡಗಳು ಬೌಲರ್‌ಗಳ ಎಸೆತವನ್ನು ಎಣಿಸಿ ಇಡುವುದು ಇದೇ ಕಾರಣಕ್ಕೆ.

ಫುಟ್‌ಬಾಲ್ ಕೊಡುವ ಗಾಯಗಳು ಬೇರೆ: ಮಂಡಿ, ತೊಡೆಸಂದು, ಪಾದದ ಗಂಟು. ಕಾಂಪ್ಟನ್ ಮಂಡಿಯ ತೊಂದರೆ ಶುರುವಾದದ್ದು 1938ರಲ್ಲಿ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿ ಹೊಡೆದದ್ದರಿಂದ. 1955ರಲ್ಲಿ ಮಂಡಿಚಿಪ್ಪನ್ನೇ ತೆಗೆಯಬೇಕಾಯಿತು. ಮರುವರ್ಷ ಓವಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 94 ಹೊಡೆದರು ಎಂಬುದು ಅವರ ದೊಡ್ಡತನ. ಫುಟ್‌ಬಾಲಿನ ಬಿಲ್ಲನ್ನು ಕ್ರಿಕೆಟ್ ಕಟ್ಟಿತು ಎಂಬುದೂ ಅಷ್ಟೇ ನಿಜ.

ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಮಾತ್ರ ಎರಡೂ ಆಟ ಹಂಚಿಕೊಂಡ ಶತ್ರು. ಎರಡು ಆಟ ಆಡುವವರಿಗೆ ಅದಕ್ಕೆ ಬಿಡುವೇ ಇಲ್ಲ. ಹಳೆಯ ಕಾಲದಲ್ಲೂ ನಿಜವಾಗಿ ಕಳೆದುಹೋಗುತ್ತಿದ್ದದ್ದು ಈ ಬಿಡುವು. ಒಂದೇ ಆಟ ಆಡುವವನಿಗೆ ಋತುಗಳ ನಡುವೆ ಮೈ ರಿಪೇರಿ ಮಾಡಿಕೊಳ್ಳುವ ವಾರಗಳಿರುತ್ತವೆ, ಇವರಿಗೆ ಒಂದರ ಕೊನೆಯೇ ಇನ್ನೊಂದರ ಮೊದಲು.

ಒಪ್ಪಂದದ ಕಾಗದ

ಈಗ ದೊಡ್ಡ ಕ್ಲಬ್ಬಿನ ಫುಟ್‌ಬಾಲಿಗ ಸಹಿ ಹಾಕುವ ಒಪ್ಪಂದದಲ್ಲಿ, ಕ್ಲಬ್ಬಿನ ಅನುಮತಿಯಿಲ್ಲದೆ ಮೈಗೆ ಪೆಟ್ಟಾಗಬಹುದಾದ ಬೇರೆ ಚಟುವಟಿಕೆ ಕೂಡದು ಎಂಬ ಷರತ್ತು ಸಾಮಾನ್ಯ. ಇದು ಬರೀ ಗತ್ತಿನ ಮಾತಲ್ಲ. ಕೋಟಿಗಟ್ಟಲೆ ವರ್ಗಾವಣೆ ಶುಲ್ಕ ಕೊಟ್ಟು ತಂದ ಆಟಗಾರ ಕ್ಲಬ್ಬಿನ ಲೆಕ್ಕಪುಸ್ತಕದಲ್ಲಿ ಒಂದು ಆಸ್ತಿ. ಆ ಶುಲ್ಕವನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಖರ್ಚು ಬರೆಯುತ್ತಾರೆ. ಆತ ಕ್ರಿಕೆಟ್ ಮೈದಾನದಲ್ಲಿ ಬೆರಳು ಮುರಿದುಕೊಂಡು ಮೂರು ತಿಂಗಳು ಕೂತರೆ ಸಂಬಳ ಕೊಡುವವರು ಯಾರು, ವಿಮೆ ಕಟ್ಟಿಕೊಡುವವರು ಯಾರು, ಕ್ರಿಕೆಟ್ ಮಂಡಳಿಯೋ ಕ್ಲಬ್ಬೋ? ಈ ಪ್ರಶ್ನೆಗೆ ಉತ್ತರ ಬರೆಯುವ ತಲೆನೋವಿಗಿಂತ ಬೇಡ ಎನ್ನುವುದು ಸುಲಭ. ಕ್ರಿಕೆಟ್ಟಿನಲ್ಲಂತೂ ಇನ್ನೊಂದು ದೇಶದ ಟಿ20 ಲೀಗ್ ಆಡಲಿಕ್ಕೂ ಮಂಡಳಿಯಿಂದ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಎಂಬ ಪತ್ರ, ತರಬೇಕು. ಇನ್ನೊಂದು ಆಟಕ್ಕೆ ಎಲ್ಲಿಂದ ತರುವುದು?

ಇಂದಿಗೂ ಇದು ನಡೆಯಬಹುದಾದ ಜಾಗಗಳಿವೆ: ಕೆಳಗಿನ ಹಂತದ ಅರೆವೃತ್ತಿಪರ ಲೀಗುಗಳು, ಆಟಗಾರರ ಸಂಖ್ಯೆಯೇ ಕಡಿಮೆ ಇರುವ ಸಣ್ಣ ದೇಶಗಳು, ಸಂಬಳ ಇನ್ನೂ ಬೆಳೆಯದ ಮಹಿಳಾ ತಂಡಗಳು. ಬ್ಯಾಟರ್, ಸ್ಪಿನ್ನರ್ ಆಗಿದ್ದರೆ ವೇಗದ ಬೌಲರ್‌ಗಿಂತ ಅವಕಾಶ ಹೆಚ್ಚು. ಮೇಲಿನ ಹಂತದಲ್ಲಿ ಮಾತ್ರ ಆಯ್ಕೆಯ ವಯಸ್ಸೇ ಕೆಳಗಿಳಿದಿದೆ. ಮಿಲ್ಟನ್ ಎರಡೂ ಆಟದಲ್ಲಿ ಹೆಸರು ಮಾಡಿ, 1955ರಲ್ಲಿ, 27ನೇ ವಯಸ್ಸಿನಲ್ಲಿ, ಫುಟ್‌ಬಾಲ್ ಸಾಕೆಂದು ತಾವೇ ನಿರ್ಧರಿಸಿದರು. ಈಗ ಪ್ರೀಮಿಯರ್ ಲೀಗ್ ಅಕಾಡೆಮಿಗಳು ಒಂಬತ್ತು ವರ್ಷದೊಳಗಿನ ಮಕ್ಕಳನ್ನೇ ನೋಂದಾಯಿಸಿಕೊಳ್ಳುತ್ತವೆ. ಹದಿನಾಲ್ಕರ ಹೊತ್ತಿಗೆ ಶನಿವಾರ, ಭಾನುವಾರ, ಬೇಸಿಗೆ ರಜೆ ಎಲ್ಲವೂ ಅಕಾಡೆಮಿಯ ವೇಳಾಪಟ್ಟಿಗೆ ಸೇರಿಹೋಗಿರುತ್ತವೆ. ಯಾವ ಆಟ ಬಿಡಬೇಕೆಂಬ ತೀರ್ಮಾನವನ್ನು ಆಗ ಅಪ್ಪ ಅಮ್ಮನೂ ಕೋಚೂ ಕೂತು ಮಾಡುತ್ತಾರೆ.